ಡ್ರೋನ್ ಬರಲಿ, ಅಳೆಯುವ ಕೋಲು ನಮ್ಮ ಮಕ್ಕಳ ಕೈಯಲ್ಲಿರಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ತೋಟಿಗರಲ್ಲಿ, ಕೊನೆಗೌಡರಲ್ಲಿ, ಶಿಕ್ಷಕರಲ್ಲಿ, ಪಾಲಕರಲ್ಲಿ ವಿನಂತಿ



ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಜನ ಸಿಗುತ್ತಿಲ್ಲ. ಈ ಮಾತು ಕೇಳದೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಮೇ ತಿಂಗಳು ಮುಗಿಯುವುದಿಲ್ಲ. ಐವತ್ತು ಅಡಿ ಮರ ಹತ್ತಿ, ಮಳೆಗೆ ಪಾಚಿಗಟ್ಟಿದ ಕಾಂಡವನ್ನು ಕಾಲಲ್ಲಿ ಹಿಡಿದು, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತ ಔಷಧಿ ಹೊಡೆಯಬಲ್ಲ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ಆ ಕೆಲಸಕ್ಕೆ ಬರುತ್ತಿಲ್ಲ. ಬರಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಮನೆಯ ಕಷ್ಟವನ್ನು ನಾವೆಲ್ಲ ಕಂಡವರೇ.

ಈ ಕೊರತೆಯ ಜಾಗಕ್ಕೆ ಡ್ರೋನ್ ಬರುತ್ತಿದೆ. ಬರಲಿ ಎಂದೇ ನಾವು ಹೇಳುತ್ತೇವೆ. ಒಬ್ಬ ಮನುಷ್ಯ ಜೀವ ಪಣಕ್ಕಿಡದೆ ಒಂದು ತೋಟ ಉಳಿಯುವುದಾದರೆ ಅದಕ್ಕೆ ಅಡ್ಡ ನಿಲ್ಲುವುದು ಅನ್ಯಾಯ. ಆದರೆ ಬಾಡಿಗೆಗೆ ಯಾರೋ ತರುವ ಯಂತ್ರವನ್ನು ಕಣ್ಣು ಮುಚ್ಚಿ ತೋಟಕ್ಕೆ ಬಿಡುವುದು ಬೇಡ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನಮ್ಮದೇ ಊರಿನ ಹೈಸ್ಕೂಲು, ಕಾಲೇಜು ಮಕ್ಕಳು ಅಳೆದು ಹೇಳಬೇಕು. ಅವರಿಗೆ ಕೈಹಿಡಿದು ಕಲಿಸುವ ಹಿರಿಯರು ಊರೂರಲ್ಲಿ ಎದ್ದು ಬರಬೇಕು. ಈ ಕರಪತ್ರ ಹೊರಡಿಸಿದ್ದು ಇದಕ್ಕಾಗಿ.

ಮೊದಲು ಉಪಕಾರದ ಮಾತು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹಾಳಾದದ್ದು ನೆನಪಿದೆಯಲ್ಲ? ದಾರಿ ಕಡಿದು ಹೋದ ಊರಿನಲ್ಲಿ ಗುಡ್ಡ ಎಲ್ಲಿ ಬಿರುಕು ಬಿಟ್ಟಿದೆ, ಹಳ್ಳ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಿ ಬರಲು ಮನುಷ್ಯನನ್ನು ಕಳಿಸುವುದಕ್ಕಿಂತ ಡ್ರೋನ್ ಕಳಿಸುವುದು ಲೇಸು. ನಮ್ಮ ಬೇಡ್ತಿ ಘಟ್ಟ ಇಳಿದು ಗಂಗಾವಳಿಯಾಗುತ್ತದೆ. ಆ ಗಂಗಾವಳಿಯ ದಡದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ, ನದಿ ಪಾಲಾದ ಲಾರಿ ಹುಡುಕಲು ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಮಣ್ಣು-ನೀರಿನಡಿಯ ವಸ್ತು ಗುರುತಿಸುವ ಡ್ರೋನ್ ತಂದಿತ್ತು. ಆದರೂ ನದಿಯ ಸೆಳೆತದಿಂದಾಗಿ ತಡವಾಗಿ, ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಯಂತ್ರದ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದು ಎರಡೂ ಅಲ್ಲಿ ಕಂಡವು. 2021ರ ಅಕ್ಟೋಬರಿನಲ್ಲಿ ಮಣಿಪುರದಲ್ಲಿ ಕರಾಂಗ್ ದ್ವೀಪಕ್ಕೆ ಡ್ರೋನ್ ಮೇಲೆ ಲಸಿಕೆ ಹೋಯಿತು. ಮಳೆಗಾಲದಲ್ಲಿ ಸೇತುವೆ ಮುಳುಗಿ ಹೊರಜಗತ್ತಿನ ಸಂಪರ್ಕ ಕಡಿದುಕೊಳ್ಳುವ ನಮ್ಮ ಕೇರಿಗಳಿಗೆ ಔಷಧಿ ಮುಟ್ಟಿಸಲು, ಮಂಗನ ಕಾಯಿಲೆಯ ಶಂಕೆ ಬಂದವರ ರಕ್ತದ ಮಾದರಿ ಸಾಗಿಸಲು ಇದೇ ದಾರಿ ಯಾಕಾಗಬಾರದು?

ಈಗ ತೋಟಕ್ಕೆ ಬರೋಣ. ಇಲ್ಲಿಯೇ ನಿಜವಾದ ಪ್ರಶ್ನೆಗಳಿವೆ.

ಕೊಳೆ ಹಿಡಿಯುವುದು ಕಾಯಿಗೆ. ಕಾಯಿ ಇರುವ ಕೊನೆ ಸೋಗೆಗಳ ಅಡಿಯಲ್ಲಿದೆ. ಕೊನೆಗೌಡ ಮರದ ಮೇಲೆ ಕೊನೆಯ ಎದುರಿಗೇ ಇದ್ದು, ಗನ್ ತಿರುಗಿಸಿ ಹಿಂದುಮುಂದೆಲ್ಲ ನೆನೆಯುವಂತೆ ಹೊಡೆಯುತ್ತಾನೆ. ಡ್ರೋನ್ ಹಾರುವುದು ಸೋಗೆಗಳ ಮೇಲೆ. ಅದರ ರೆಕ್ಕೆಯ ಗಾಳಿ ಹನಿಗಳನ್ನು ಕೆಳಕ್ಕೆ ತಳ್ಳುತ್ತದೆ ನಿಜ, ಆದರೆ ಕೊನೆಯ ಒಳಮೈಗೆ ಎಷ್ಟು ಮುಟ್ಟಿತು? 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ 550ರಷ್ಟು ಮರಗಳಿರುತ್ತವೆ. 10 ಲೀಟರ್ ಟ್ಯಾಂಕಿನ ಡ್ರೋನ್ ಒಂದು ಟ್ಯಾಂಕಿನಲ್ಲಿ ಎಕರೆ ಮುಗಿಸಿದರೆ ಮರವೊಂದಕ್ಕೆ ಬಿದ್ದದ್ದು 18 ಮಿಲಿಲೀಟರ್. ಅಷ್ಟರಲ್ಲಿ ಕೆಲಸವಾಗಬೇಕಾದರೆ ಔಷಧಿಯನ್ನು ಗಟ್ಟಿ ಮಾಡಬೇಕು. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು ಎಂಬ ನಮ್ಮ ಹಳೆಯ ಶೇಕಡಾ ಒಂದರ ಬೋರ್ಡೋ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸುಣ್ಣದ ಗಸಿ ಸಣ್ಣ ನಾಜಲ್ಲಿಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಬೇರೆ ಔಷಧಿಗಳು ಬರುತ್ತವೆ. ಎಲೆಚುಕ್ಕೆ ರೋಗ ಹಬ್ಬಿದ ಮೇಲಂತೂ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂಥ ಹೆಸರುಗಳು ಎಲ್ಲರ ಬಾಯಲ್ಲೂ ಇವೆ. ಗಟ್ಟಿ ಔಷಧಿ, ಸಣ್ಣ ಹನಿ, ಎತ್ತರದಿಂದ ಸಿಂಪಡಣೆ, ಘಟ್ಟದ ಗಾಳಿ: ಇವು ನಾಲ್ಕೂ ಕೂಡಿದರೆ ಹನಿ ತೋಟದಲ್ಲೇ ನಿಲ್ಲುತ್ತದೆ ಎಂದು ಯಾರು ಹೇಳಬಲ್ಲರು? ನಮ್ಮ ತೋಟಗಳು ಬಯಲಿನಲ್ಲಿಲ್ಲ. ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ, ಹಳ್ಳದ ಪಕ್ಕದಲ್ಲಿವೆ. ಅಬ್ಬಿ ನೀರನ್ನೇ ಪೈಪಿನಲ್ಲಿ ತಂದು ಕುಡಿಯುವ ಮನೆಗಳಿವೆ. ಜೇನುಪೆಟ್ಟಿಗೆ ಇಟ್ಟ ಅಂಗಳಗಳಿವೆ.

ಮೇಲಿನಿಂದ ಔಷಧಿ ಸುರಿದರೆ ಏನಾಗಬಹುದು ಎಂಬುದಕ್ಕೆ ಕನ್ನಡಿಗರು ಬಹಳ ದೂರ ಹೋಗಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ, ಪಡ್ರೆಯಂಥ ಕನ್ನಡದ ಊರುಗಳು ಅದರ ಫಲ ಉಂಡವು. ನಮ್ಮ ಜಿಲ್ಲೆಯಲ್ಲೂ ಸಂತ್ರಸ್ತರಿದ್ದಾರೆ. ಅಲ್ಲಿ ಮೊದಲು ಎಚ್ಚರಿಸಿದವರು ರಾಜಧಾನಿಯ ಪ್ರಯೋಗಾಲಯದವರಲ್ಲ. ಅಲ್ಲೇ ಬದುಕುವ ಕೃಷಿಕ-ಪತ್ರಕರ್ತ ಶ್ರೀಪಡ್ರೆ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳನ್ನು ಗಮನಿಸಿ ಪ್ರಶ್ನೆ ಎತ್ತಿದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ 13ರಂದು. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ಬೋರ್ಡೋ ದ್ರಾವಣವನ್ನು ಎಂಡೋಸಲ್ಫಾನಿಗೆ ಸಮ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೆದರಿಸುವುದು ತಪ್ಪು. ಎಣಿಸಿ ನೋಡುವವರು ಊರಿನಲ್ಲೇ ಇದ್ದರೆ ಅನಾಹುತ ಬೇಗ ಕಣ್ಣಿಗೆ ಬೀಳುತ್ತದೆ ಎನ್ನುತ್ತಿದ್ದೇವೆ.

ಇನ್ನೂ ಕೆಲವು ಅಪಾಯಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿ ಹಿಡಿಯಬಹುದು; ಮಾರ್ಚ್-ಏಪ್ರಿಲ್‌ನಲ್ಲಿ ಸೊಪ್ಪಿನ ಬೆಟ್ಟದ ಒಣ ತರಗೆಲೆ ಮೇಲೆ ಅದು ಬಿದ್ದರೆ ಬೆಟ್ಟವೇ ಉರಿದೀತು. ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳಲ್ಲಿ ವಿಡಿಯೊಗಾಗಿ ಹಾರಿಸುವವರು ಗೂಡು ಕಟ್ಟಿದ ಹಕ್ಕಿಗಳನ್ನು ಬೆದರಿಸುತ್ತಾರೆ. ಶಿರಸಿ-ಸಿದ್ದಾಪುರದ ಕಾಡಿನಲ್ಲಿ ಸಿಂಗಳೀಕಗಳಿಗಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಗಿದೆ ಎಂಬುದು ಅವರಿಗೆ ತಿಳಿದಿರಬೇಕು. ಹೆಣ್ಣುಮಕ್ಕಳು ಸ್ನಾನ ಮಾಡುವ, ಬಟ್ಟೆ ಒಗೆಯುವ ಜಾಗದ ಮೇಲೆ ಕ್ಯಾಮೆರಾ ಹಾರಿಸುವುದು ಯಾವ ಕಾರಣಕ್ಕೂ ಸಲ್ಲ. ಕಾನೂನು ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲೂ 400 ಅಡಿ ಮೀರುವಂತಿಲ್ಲ, ಔಷಧಿ ಹೊಡೆಯುವಂಥ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಹಾರಿಸುವವರಿಗೆ 18 ತುಂಬಿರಬೇಕು, ಪ್ರಮಾಣಪತ್ರವಿರಬೇಕು, ತಪ್ಪಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಕೈಗಾ ಅಣುಸ್ಥಾವರ, ಕಾರವಾರದ ನೌಕಾನೆಲೆ ಇರುವ ಜಿಲ್ಲೆ ನಮ್ಮದು. ಎಲ್ಲಿ ಹಾರಿಸಬಹುದು ಎಂಬುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಬೇಕು.

ಮಕ್ಕಳು ಏನು ಮಾಡಬಲ್ಲರು?

ಬಹಳ ಮಾಡಬಲ್ಲರು. ಒಂದು ಪ್ರಯೋಗ ಹೇಳುತ್ತೇವೆ, ಒಂಬತ್ತನೇ ತರಗತಿಯವರಿಗೂ ಸಾಧ್ಯವಾಗುವಂಥದ್ದು. ತೋಟದ ಮೂರು ಸಾಲು ಆರಿಸಿಕೊಳ್ಳಿ. ಒಂದಕ್ಕೆ ಕೊನೆಗೌಡರ ಕೈಯಿಂದ ಸಿಂಪಡಣೆ, ಒಂದಕ್ಕೆ ಡ್ರೋನಿನಿಂದ, ಮೂರನೆಯದಕ್ಕೆ ಏನೂ ಇಲ್ಲ. ಮೊದಲು ಔಷಧಿ ಬದಲು ಬಣ್ಣದ ನೀರು ಹೊಡೆಸಿ. ಅದಕ್ಕೂ ಮುಂಚೆ ಬಿಳಿ ಕಾಗದದ ಚೀಟಿಗಳನ್ನು ಕೊನೆಯ ಮೇಲ್ಭಾಗಕ್ಕೆ, ಅಡಿಗೆ, ಒಳಕ್ಕೆ ಕಟ್ಟಿಸಿ. ಇದಕ್ಕೆ ದೋಟಿ ಸಾಲದು, ಅನುಭವಿ ಕೊನೆಗೌಡರೇ ಬೇಕು. ನೆಲದ ಮೇಲೆ, ಬೇಲಿಯ ಆಚೆ, ಹಳ್ಳದ ದಂಡೆಯಲ್ಲಿ, ಐದು ಮೀಟರಿಗೊಂದರಂತೆ ಚೀಟಿ ಇಡಿ. ಸಿಂಪಡಣೆ ಮುಗಿದ ಮೇಲೆ ಚೀಟಿಗಳನ್ನು ತಂದು ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಹನಿ ಎಂದು ಎಣಿಸಿ. ಕೊನೆಯ ಒಳಗೆ ಮುಟ್ಟಿದ್ದೆಷ್ಟು, ಹಳ್ಳಕ್ಕೆ ಹೋದದ್ದೆಷ್ಟು ಎಂಬುದು ಒಂದೇ ಮಧ್ಯಾಹ್ನದಲ್ಲಿ ಕಣ್ಣೆದುರು ಬರುತ್ತದೆ. ಆಮೇಲೆ ನಿಜವಾದ ಔಷಧಿ. ಅದನ್ನು ಹೊಡೆಯುವಾಗ ಮಕ್ಕಳು ತೋಟದಲ್ಲಿ ಇರಕೂಡದು. ಮಳೆಗಾಲವಿಡೀ ವಾರಕ್ಕೊಮ್ಮೆ ಪ್ರತಿ ಸಾಲಿನಡಿ ಉದುರಿದ ಕಾಯಿ ಎಣಿಸಿ ಬರೆದಿಡಬೇಕು. ಗಾಳಿ ಹೇಗಿತ್ತು, ಮಳೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ. ಮುಂದಿನ ವರ್ಷ ಇನ್ನೊಂದು ತೋಟದಲ್ಲಿ ಇದನ್ನೇ ಮತ್ತೆ ಮಾಡಬೇಕು.

ಈ ಮೂರನೆಯ ಸಾಲು ಯಾಕೆ ಬೇಕು? ಅದರ ಕಾಯಿ ಹೋಗುತ್ತದಲ್ಲ ಎಂದು ಯಜಮಾನರು ಕೇಳುತ್ತಾರೆ. ಹೋಲಿಸಲು ಬಿಟ್ಟ ಸಾಲಿಲ್ಲದೆ ಔಷಧಿಯ ಗುಣ ತಿಳಿಯುವುದಿಲ್ಲ ಎಂದು ಮಕ್ಕಳಿಗೆ ವಿವರಿಸುವವರು, ಯಜಮಾನರನ್ನು ಒಪ್ಪಿಸುವವರು ಬೇಕು. ಎರಡನೇ ವರ್ಷದ ಲೆಕ್ಕ ಮೊದಲ ವರ್ಷದ್ದಕ್ಕೆ ತಾಳೆಯಾಗದಾಗ ಅದನ್ನು ತಿದ್ದಬೇಡ, ಹಾಗೇ ಬರಿ ಎನ್ನುವವರು ಬೇಕು. ಮಾರ್ಗದರ್ಶನ ಎಂದು ನಾವು ಕರೆಯುವುದು ಇದನ್ನೇ.

ನಮ್ಮ ಅಡಿಕೆಯ ಚರಿತ್ರೆಯಲ್ಲೇ ಇದಕ್ಕೆ ಮಾದರಿಯಿದೆ. ನಾವು ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಪಕ್ಕದ ಮೈಸೂರು ಸಂಸ್ಥಾನಕ್ಕೆ ಕೆನಡಾದ ಲೆಸ್ಲಿ ಕೋಲ್ಮನ್ ಬಂದರು. ಕೊಳೆರೋಗಕ್ಕೆ ಕಾರಣವಾದ ಫೈಟೊಫ್ತೊರಾ ಜೀವಿಯ ಬಗ್ಗೆ 1910ರಲ್ಲಿ ಪ್ರಕಟಿಸಿದರು, ಬೋರ್ಡೋ ಸಿಂಪಡಣೆಯನ್ನು ಅಡಿಕೆ ತೋಟಕ್ಕೆ ತಂದರು. ಅವರ ಜೊತೆ ಕೆಲಸ ಮಾಡುತ್ತ ಎಂ.ಜೆ. ನರಸಿಂಹನ್ ಶಿಲೀಂಧ್ರ ತಜ್ಞರಾಗಿ ಬೆಳೆದರು. ನರಸಿಂಹನ್ನರ ಮಗ ಎಂ.ಜೆ. ತಿರುಮಲಾಚಾರ್ ಮುಂದೆ ಪಿಂಪ್ರಿಯ ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಹ್ಯಾಮೈಸಿನ್ ಔಷಧಿಯ ಶೋಧಕ್ಕೆ ಕಾರಣರಾದರು. ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆ? ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಇಲ್ಲಿನ ಕಾಡು ಓದಲು ಬಂದಾಗ ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಷ್ ಚಂದ್ರನ್ ಗಾಡ್ಗೀಳರ ಜೊತೆಯಾದರು. ನಮ್ಮ ದೇವರಕಾಡುಗಳ ಬಗ್ಗೆ, ಸಿದ್ದಾಪುರದ ಕತ್ತಲೆಕಾನಿನ ಬಗ್ಗೆ ಇವತ್ತು ಜಗತ್ತಿಗೆ ತಿಳಿದಿರುವುದರಲ್ಲಿ ಅವರ ದುಡಿಮೆ ದೊಡ್ಡದು.

ಮಾರ್ಗದರ್ಶನವಿಲ್ಲದ ಕಡೆ ಏನಾಗುತ್ತದೆ ಎಂಬುದನ್ನೂ ನಾಡು ನೋಡಿದೆ. ನೂರಾರು ಡ್ರೋನ್ ತಯಾರಿಸಿದ್ದೇನೆ ಎಂದು ಹೇಳಿಕೊಂಡ ಯುವಕನೊಬ್ಬನಿಗೆ ಶಾಲು ಹೊದಿಸಿ, ವೇದಿಕೆ ಕೊಟ್ಟು ಮೆರೆಸಿದೆವು. ಒಂದು ಡ್ರೋನ್ ಬಿಚ್ಚಿ ತೋರಿಸಪ್ಪಾ ಎಂದು ಬಹುಕಾಲ ಯಾರೂ ಕೇಳಲಿಲ್ಲ. 2020ರಲ್ಲಿ ಪುರಾವೆ ಕೇಳುವ ಹೊತ್ತು ಬಂದಾಗ ಹೊಗಳಿದ ಬಾಯಿಗಳೇ ಬೈದವು. ಶಾಲು ಹೊದಿಸುವ ಮುನ್ನ ಪ್ರೀತಿಯಿಂದ ಪ್ರಶ್ನೆ ಕೇಳುವ ಒಬ್ಬ ಹಿರಿಯರಿದ್ದರೆ ಅವನಿಗೂ ನಾಡಿಗೂ ಒಳಿತಾಗುತ್ತಿತ್ತು. ವಿಜ್ಞಾನ ಮೇಳಗಳಲ್ಲಿ ಥರ್ಮಾಕೋಲಿನ ಮಾದರಿಗೆ ಬಹುಮಾನ ಕೊಟ್ಟು ಮನೆಗೆ ಕಳಿಸುವ ನಮ್ಮ ರೂಢಿಯೂ ಇದರ ಸಣ್ಣ ರೂಪವೇ. ಪಾಲಕರು ಮಾಡಿಸಿಕೊಟ್ಟ ಮಾದರಿ ನಮಗೆ ಬೇಡ. ಮಕ್ಕಳೇ ಎಣಿಸಿದ ಉದುರುಕಾಯಿಯ ಲೆಕ್ಕ ಬೇಕು.

ಕಲಿಸುವವರು ಎಲ್ಲಿದ್ದಾರೆ ಎನ್ನಬೇಡಿ. ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಸಿದ್ದಾಪುರದಲ್ಲಿ ಪಾಲಿಟೆಕ್ನಿಕ್ ಇದೆ. ಬೆಂಗಳೂರಿನಿಂದ ಊರಿಗೆ ಮರಳಿದ ಎಂಜಿನಿಯರುಗಳು, ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತವರು ಹಲವು ಹಳ್ಳಿಗಳಲ್ಲಿದ್ದಾರೆ. ನಿವೃತ್ತ ವಿಜ್ಞಾನ ಶಿಕ್ಷಕರಿದ್ದಾರೆ. ಇನ್ನು ಕೊನೆಗೌಡರು: ಯಾವ ಕೊನೆಗೆ ಎಲ್ಲಿಂದ ಕೊಳೆ ಏರುತ್ತದೆ ಎಂದು ಮರದ ಮೇಲಿಂದ ಕಂಡವರು ಅವರೊಬ್ಬರೇ. ಅವರನ್ನು ಈ ಕೆಲಸದಲ್ಲಿ ಗುರುಗಳೆಂದೇ ಕೂರಿಸಬೇಕು, ಅವರ ದಿನದ ಸಂಬಳ ತಪ್ಪದಂತೆ ನೋಡಿಕೊಳ್ಳಬೇಕು. ನಾಳೆ ಡ್ರೋನ್ ಪೈಲಟ್ ತರಬೇತಿಗೆ ಮೊದಲ ಅವಕಾಶ ಅವರ ಮಗನಿಗೆ, ಮಗಳಿಗೆ ಸಿಗಬೇಕು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಬೆಲೆಯ ಶೇ. 80ರಷ್ಟು, 8 ಲಕ್ಷ ರೂಪಾಯಿವರೆಗೆ, ಸಹಾಯಧನ ನೀಡುವ ನಮೋ ಡ್ರೋನ್ ದೀದಿ ಯೋಜನೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಯಲ್ಲಾಪುರದ ಸಿದ್ದಿ ಕೇರಿಯ, ಗೌಳಿ ದೊಡ್ಡಿಯ ಹುಡುಗಿಯರ ಹೆಸರು ಆ ಪಟ್ಟಿಯಲ್ಲಿ ಕಾಣಲಿ. ಪ್ರಯೋಗದ ತಂಡದಲ್ಲೂ ಅಷ್ಟೇ, ಹುಡುಗರು ಯಂತ್ರ ಬಿಚ್ಚುವುದು, ಹುಡುಗಿಯರು ವರದಿ ಬರೆಯುವುದು ಎಂಬ ಹಂಚಿಕೆ ಬೇಡವೇ ಬೇಡ.

ನಾವು ಕೇಳುವುದು ಇಷ್ಟು. ಡ್ರೋನ್ ಸಿಂಪಡಣೆ ನಡೆಯುವ ದಿನ, ಬಳಸುವ ಔಷಧಿಯ ಹೆಸರು, ಪ್ರಮಾಣ ಹಿಂದಿನ ದಿನವೇ ಅಕ್ಕಪಕ್ಕದ ಮನೆಗಳಿಗೆ, ಗ್ರಾಮ ಪಂಚಾಯ್ತಿಗೆ, ಜೇನು ಸಾಕುವವರಿಗೆ ತಿಳಿಯಬೇಕು. ಹಳ್ಳ, ಕೆರೆ, ಅಬ್ಬಿಯ ಅಂಚಿನ ಸಾಲುಗಳಿಗೆ ಡ್ರೋನ್ ಬೇಡ, ಅಲ್ಲಿ ಕೈಯಿಂದಲೇ ಆಗಲಿ. ಸಿಂಪಡಣೆಗೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿದ ಕಾರ್ಯವಿಧಾನವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಸೊಸೈಟಿಯ ಗೋಡೆಗೆ ಅಂಟಿಸಲಿ. ಔಷಧಿ ಮಾರುವ ನಮ್ಮ ಸಹಕಾರ ಸಂಘಗಳು ತಮ್ಮ ಲಾಭದಲ್ಲಿ ಒಂದಿಷ್ಟನ್ನು ಹೈಸ್ಕೂಲುಗಳ ಈ ಪ್ರಯೋಗಕ್ಕೆ ಮೀಸಲಿಡಲಿ; ಚೀಟಿ, ದಾರ, ಭೂತಗನ್ನಡಿ, ನೋಟ್‌ಬುಕ್ಕಿಗೆ ಎಷ್ಟು ತಾನೆ ಬೇಕು? ಮಕ್ಕಳ ಲೆಕ್ಕ ಯಾರ ಪರವಾಗಿ ಬಂದರೂ, ಡ್ರೋನಿಗೆ ವಿರುದ್ಧವಾಗಿ ಬಂದರೂ, ಸಂಘದ ವಾರ್ಷಿಕ ಸಭೆಯಲ್ಲಿ ಅವರೇ ನಿಂತು ಓದಲಿ.

ಶಿಕ್ಷಕರೇ, ಈ ವರ್ಷ ಒಂದೇ ಒಂದು ತೋಟ ಆರಿಸಿಕೊಳ್ಳಿ. ತೋಟಿಗರೇ, ಹತ್ತು ಮರದ ಮೂರು ಸಾಲುಗಳನ್ನು ಮಕ್ಕಳಿಗೆ ಬಿಟ್ಟುಕೊಡಿ. ಓದು ಮುಗಿಸಿ ಊರಿಗೆ ಬಂದವರೇ, ತಿಂಗಳಿಗೆ ಒಂದು ಶನಿವಾರ ಹತ್ತಿರದ ಶಾಲೆಗೆ ಹೋಗಿ. ಕೊಳೆಯ ಮೊದಲ ಔಷಧಿ ಬೀಳುವ ಮುನ್ನ ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿಯಲ್ಲಿ, ಸೊಸೈಟಿಯಲ್ಲಿ ಈ ವಿಷಯ ಎತ್ತಿ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ.