ಮಗ ದುಭಾಷಿಯಲ್ಲ

ಬೆಂಗಳೂರಿನ ಎಷ್ಟೋ ಕಾರ್ಪೊರೇಟ್ ಆಸ್ಪತ್ರೆಗಳಲ್ಲಿ ರೋಬೋಟ್ ಸರ್ಜರಿ ಇದೆ. ಕನ್ನಡ ಮಾತ್ರ ರೋಗಿಯ ಕಡೆಯವರೇ ತರಬೇಕು. ಊರಿಂದ ಬಂದ ಅಮ್ಮನಿಗೆ ನಾವೇ ದುಭಾಷಿ. ಅದರಲ್ಲೇನು ತಪ್ಪು ಅಂತೀರಾ? ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೂ ರಕ್ತ ಹೋಗ್ತಿದೆ ಅನ್ನೋದನ್ನ ಯಾವ ತಾಯಿ ಮಗನ ಬಾಯಲ್ಲಿ ಹೇಳಿಸ್ತಾಳೆ? ಗರ್ಭಕೋಶದ ಕ್ಯಾನ್ಸರಿನ ಸುಳಿವಾಗಬಹುದಾದ ಮಾತು ಗಂಟಲಲ್ಲೇ ಉಳಿಯುತ್ತೆ. ‘ಸಂಕಟ ಆಗ್ತಿದೆ’ ಅಂದ್ರೆ ನಾವು ಗ್ಯಾಸ್ಟ್ರಿಕ್ ಅಂತೀವಿ. ಎದೆನೋವಿಲ್ಲದೆ ಬರೋ ಹೃದಯಾಘಾತದ ಲಕ್ಷಣವೂ ಅದೇ ಇರಬಹುದು.

ಒಪ್ಪಿಗೆ ಪತ್ರ ಇಂಗ್ಲಿಷಲ್ಲಿ, ಹೆಬ್ಬೆಟ್ಟು ಅಮ್ಮನದು. ಸಾಕಷ್ಟು ಮಾಹಿತಿ ಕೊಟ್ಟು ಪಡೆದದ್ದೇ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ತಿಳಿಯದ ಭಾಷೆಯಲ್ಲಿ ಕೊಟ್ಟದ್ದು ಮಾಹಿತಿಯೇ?

ದೂರದೂರಿಂದ ಬಂದು, ಕಲಿತಷ್ಟು ಕನ್ನಡದಲ್ಲೇ ದುಡಿಯೋ ನರ್ಸ್ ಮೇಲೆ ರೇಗಬೇಡಿ. ಆಡಳಿತ ಮಂಡಳಿಯನ್ನ ಕೇಳಿ: ಪಾಳಿಗೊಬ್ಬ ಸಂಬಳದ ದುಭಾಷಿ, ಕನ್ನಡದಲ್ಲಿ ಡಿಸ್ಚಾರ್ಜ್ ಚೀಟಿ, ಮನೆಗೆ ಕಳಿಸೋ ಮುಂಚೆ ‘ಈ ಮಾತ್ರೆ ಹೇಗೆ ತಗೋತೀರಮ್ಮಾ, ಹೇಳಿ ನೋಡೋಣ’ ಅನ್ನೋ ಒಂದು ಪ್ರಶ್ನೆ. ನಾವು ಬರೆಯೋ ಆ್ಯಪ್‌ನ ಬಟನ್ನಿಗೂ ಅನುವಾದಕರಿರ್ತಾರೆ. ಬಿಲ್ಲಿನಲ್ಲಿ ಗ್ಲೌಸಿಗೂ ದುಡ್ಡು ಹಿಡಿಯೋರಿಗೆ ಭಾಷೆಗೆ ದುಡ್ಡಿಲ್ವಾ?