ದಂತಗಣನೆ

ಸುಶ್ರುತಸಂಹಿತೆಯಲ್ಲಿ ಮುಖರೋಗಗಳು 65 ಎಂದು ನಿರ್ಣಯಿಸಿದೆ. ತುಟಿ, ನಾಲಗೆ, ಅಂಗುಳು, ಗಂಟಲು ಮೊದಲಾದ ಸ್ಥಾನಗಳಿಗೆ ಅವನ್ನು ಹಂಚುವಾಗ ಹಲ್ಲಿಗೆ 8 ರೋಗಗಳನ್ನೂ, ಹಲ್ಲಿನ ಬುಡವಾದ ಒಸಡಿಗೆ 15 ರೋಗಗಳನ್ನೂ ಹೇಳಿದೆ. ಈ ಎಣಿಕೆಯು ವಿಚಾರಾರ್ಹವಾದುದು. ವಯಸ್ಸಾದವರ ಹಲ್ಲು ಅಲುಗಿ ಬೀಳುವುದಕ್ಕೆ ಒಸಡಿನ ವ್ಯಾಧಿಯು ಮುಖ್ಯ ಕಾರಣಗಳಲ್ಲೊಂದೆಂದು ಇಂದಿನ ದಂತವೈದ್ಯರೂ ಹೇಳುವರು. ಆದರೆ ರೋಗಗಳನ್ನು ಎಣಿಸುವುದು ಬೇರೆ, ರೋಗಿಗಳನ್ನು ಎಣಿಸುವುದು ಬೇರೆ. ಒಂದು ದೇಶದ ಪ್ರಾಯಸ್ಥರ ಬಾಯಿಯು ಯಾವ ಸ್ಥಿತಿಯಲ್ಲಿದೆಯೆಂದು ಅಳೆಯುವ ವಿದ್ಯೆಯು ಹೊಸದು. ಅದರ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವೆವು.

1938ರಲ್ಲಿ ಅಮೆರಿಕದ ಕ್ಲೈನ್, ಪಾಮರ್, ನಟ್ಸನ್ ಎಂಬ ವಿದ್ವಾಂಸರು ಶಾಲಾಬಾಲಕರಿಗಾಗಿ ಒಂದು ಕ್ರಮವನ್ನು ಪ್ರಕಟಿಸಿದರು. ಹುಳುಕಾದ ಹಲ್ಲೆಷ್ಟು, ಹುಳುಕಿನಿಂದ ಕಳೆದುಹೋದುದೆಷ್ಟು, ತುಂಬಿಸಿದುದೆಷ್ಟು, ಈ ಮೂರನ್ನೂ ಕೂಡಿಸಿ ಒಂದು ಅಂಕಿಯನ್ನು ಬರೆದುಕೊಳ್ಳುವುದೇ ಆ ಕ್ರಮವು. ಕಾಲಕ್ರಮದಲ್ಲಿ ಇದು ಪ್ರಾಯಸ್ಥರಿಗೂ ಅನ್ವಯವಾಗಿ ಲೋಕವನ್ನೆಲ್ಲ ವ್ಯಾಪಿಸಿತು. ವಿಶ್ವ ಆರೋಗ್ಯ ಸಂಸ್ಥೆಯವರು ಹಿರಿಯರ ಪೈಕಿ 35ರಿಂದ 44 ಮತ್ತು 65ರಿಂದ 74 ವರ್ಷದವರನ್ನು ಪರೀಕ್ಷೆಗೆ ಯೋಗ್ಯರೆಂದು ಗೊತ್ತುಮಾಡಿದರು. 2002-03ರಲ್ಲಿ ಭಾರತೀಯ ದಂತವೈದ್ಯಕೀಯ ಪರಿಷತ್ತು ನಡೆಯಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೂ, 35ರಿಂದ 44 ವರ್ಷದವರಲ್ಲಿ ನೂರಕ್ಕೆ ಸುಮಾರು 80 ಮಂದಿಗೂ ಹುಳುಕು ಕಂಡುಬಂದಿತು.

ಈ ಅಂಕಿಯು ಉಪಯುಕ್ತವಾದುದೇ ಸರಿ. ಆದರೂ ಅದರಲ್ಲೊಂದು ಕೊರತೆಯುಂಟು. ದಾವಣಗೆರೆಯ ಪೇಟೆಯ ವರ್ತಕರೊಬ್ಬರು ಆರು ಹಲ್ಲುಗಳನ್ನು ತುಂಬಿಸಿಕೊಂಡು ಮಂಡಕ್ಕಿಯನ್ನೂ ಚಕ್ಕುಲಿಯನ್ನೂ ಸುಖವಾಗಿ ತಿನ್ನುತ್ತಿರುವರೆಂದು ಭಾವಿಸಿರಿ. ಹರಿಹರದ ಹಮಾಲನೊಬ್ಬನು ತುಂಬಿಸಲು ಹಣವಿಲ್ಲದೆ ಆರು ದವಡೆ ಹಲ್ಲುಗಳನ್ನು ಕೀಳಿಸಿಕೊಂಡು, ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿರುವನೆಂದೂ ಭಾವಿಸಿರಿ. ಗಣಕನ ಪುಸ್ತಕದಲ್ಲಿ ಇಬ್ಬರಿಗೂ ಆರೇ! ಮೂರನ್ನೂ ಕೂಡಿಸಿದ ಮೊತ್ತವನ್ನು ಮಾತ್ರ ನೋಡಿದರೆ ರೋಗವು ತಿಳಿಯುವುದು, ಬಡತನವು ಮರೆಯಾಗುವುದು. ಆದುದರಿಂದ ಕಿತ್ತ ಹಲ್ಲೆಷ್ಟು, ತುಂಬಿಸಿದ ಹಲ್ಲೆಷ್ಟು ಎಂಬುದನ್ನು ಬೇರೆಬೇರೆಯಾಗಿ ಓದಬೇಕು, ಒಸಡನ್ನು ಪರೀಕ್ಷಿಸಬೇಕು, ಅಗಿಯಲು ಬರುವುದೇ, ನೋವುಂಟೇ ಎಂದು ಕೇಳಬೇಕು. ಜಪಾನಿನವರು 1989ರಲ್ಲಿ, 80 ವರ್ಷಕ್ಕೆ 20 ಹಲ್ಲು ಉಳಿದಿರಬೇಕೆಂಬ ಗುರಿಯನ್ನಿಟ್ಟುಕೊಂಡರು. ಹೋದುದನ್ನು ಎಣಿಸುವುದಕ್ಕೆ ಬದಲಾಗಿ ಉಳಿದುದನ್ನು ಎಣಿಸಿದ ಆ ಜಾಣ್ಮೆಯು ಮೆಚ್ಚತಕ್ಕುದು.

ಯಾರನ್ನು ಎಣಿಸಬೇಕೆಂಬುದು ಇನ್ನೂ ದೊಡ್ಡ ಪ್ರಶ್ನೆ. ದಾವಣಗೆರೆಯಲ್ಲಿ 1979ರಿಂದ ಬಾಪೂಜಿ ದಂತವೈದ್ಯಕೀಯ ಕಾಲೇಜೂ, 1991ರಿಂದ ಇನ್ನೊಂದು ದಂತವೈದ್ಯಕೀಯ ಕಾಲೇಜೂ ಇರುವುವು. ಇದು ನಮ್ಮ ಸೀಮೆಯ ಭಾಗ್ಯವು. ಆದರೆ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತವರನ್ನು ಎಣಿಸಿದರೆ ಬಂದವರ ಲೆಕ್ಕ ಸಿಕ್ಕೀತೇ ಹೊರತು, ನೋವನ್ನು ನುಂಗಿಕೊಂಡು ಮನೆಯಲ್ಲೇ ಇರುವವರ ಲೆಕ್ಕ ಸಿಗದು. ಇದಲ್ಲದೆ ಒಂದೇ ಜಿಲ್ಲೆಯೊಳಗೆ ನೀರಿನ ಭೇದವುಂಟು. ಹರಿಹರವು ತುಂಗಭದ್ರೆಯ ದಡದಲ್ಲಿದೆ. ಜಗಳೂರಿನ ಒಣಭೂಮಿಯ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶವು ಮಿತಿಮೀರಿದೆ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಅಂಥ ನೀರನ್ನು ಕುಡಿದವರಿಗೆ ಹಲ್ಲಿನ ಕಲೆಯು ಜನ್ಮಪರ್ಯಂತ ಉಳಿಯುವುದು. ಎರಡು ಊರುಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡರ ನಿಜವೂ ತಿಳಿಯದು.

ಆಂಗ್ಲರು 1968ರಿಂದ ಸುಮಾರು ಹತ್ತು ವರ್ಷಕ್ಕೊಮ್ಮೆ, ಮನೆಗಳನ್ನು ಆರಿಸಿಕೊಂಡು, ಅಲ್ಲಿಗೇ ಹೋಗಿ ಪ್ರಾಯಸ್ಥರ ಹಲ್ಲುಗಳನ್ನು ಪರೀಕ್ಷಿಸುತ್ತ ಬಂದರು. ಮೊದಲ ಸಲ ಇಂಗ್ಲೆಂಡು-ವೇಲ್ಸುಗಳಲ್ಲಿ ನೂರಕ್ಕೆ 37 ಮಂದಿಗೆ ಸ್ವಂತದ ಹಲ್ಲು ಒಂದೂ ಇರಲಿಲ್ಲ. 2009ರಲ್ಲಿ ಇಂಗ್ಲೆಂಡಿನಲ್ಲಿ ಅಂಥವರು ನೂರಕ್ಕೆ ಆರು ಮಂದಿ ಮಾತ್ರ. ಅಳತೆಯೇ ಔಷಧವಲ್ಲವೆಂಬುದು ನಿಜ. ಆದರೆ ಪುನಃ ಪುನಃ ಅಳೆಯದೆ, ಮಾಡಿದ ಚಿಕಿತ್ಸೆಯು ಫಲಿಸಿತೋ ಇಲ್ಲವೋ ಎಂದು ತಿಳಿಯುವ ಬಗೆ ಯಾವುದು?

ಗೃಹಸ್ಥರು ಮಾಡಬಹುದಾದುದೂ ಇದೆ. ಸಮೀಕ್ಷೆಯವರು ಬಾಗಿಲಿಗೆ ಬಂದಾಗ ಯಜಮಾನರು ತಾವೊಬ್ಬರೇ ಬಾಯಿ ತೆರೆದು ತೋರಿಸಿ ಕಳುಹಿಸಬಾರದು. ಒಳಗಿರುವ ಅಜ್ಜಿಯನ್ನೂ ಸೊಸೆಯನ್ನೂ ಕರೆಯಬೇಕು. ಸಂಸಾರದಲ್ಲಿ ಹಲ್ಲುನೋವನ್ನು ಕಟ್ಟಕಡೆಗೆ ಹೇಳಿಕೊಳ್ಳುವವರು ಅವರೇ. ಸಮೀಕ್ಷೆಯು ಬರುವವರೆಗೆ ಕಾಯಬೇಕೆಂಬುದೂ ಇಲ್ಲ. ಯುಗಾದಿಗೊಮ್ಮೆ ಮನೆಯ ಹಿರಿಯರನ್ನು ಬೆಳಕಿನಲ್ಲಿ ಕೂರಿಸಿ ಹಲ್ಲುಗಳನ್ನು ಎಣಿಸಿ ಬರೆದಿಡಿರಿ. ಯಾವ ತಿನಿಸನ್ನು ಬಿಟ್ಟಿದ್ದಾರೆ, ಏಕೆ ಬಿಟ್ಟಿದ್ದಾರೆ ಎಂದು ಕೇಳಿರಿ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕುವವರ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ, ಎರಡು ವಾರಗಳಾದರೂ ಮಾಯದ ಹುಣ್ಣಾಗಲಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. "ವಯಸ್ಸಾಯಿತು, ಹಲ್ಲು ಹೋಯಿತು" ಎಂಬ ಮಾತು ನಮ್ಮಲ್ಲಿ ಸಹಜವಾಗಿಬಿಟ್ಟಿದೆ. ಹಲ್ಲು ಹೋಗುವುದು ವಯಸ್ಸಿನಿಂದಲ್ಲ, ವಿಚಾರಿಸದೆ ಬಿಟ್ಟ ರೋಗದಿಂದ ಎಂಬುದನ್ನು ನಮ್ಮ ಗೃಹಸ್ಥರು ಅರಿತರೆ, ಅನೇಕ ವೃದ್ಧರ ಎಲೆಯಲ್ಲಿ ರೊಟ್ಟಿಯು ಮತ್ತೆ ಕಾಣಿಸಿಕೊಂಡೀತು.