ಬೆಳತನಕದ ಹಾಡು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜಾತ್ರೆಗಳಲ್ಲಿ ಹಗಲು ದೇವರದು, ಇರುಳು ಹಾಡಿನದು. ಹಗಲಿನಲ್ಲಿ ತೇರು, ಪಲ್ಲಕ್ಕಿ, ನೈವೇದ್ಯ, ಭಂಡಾರ. ಇರುಳಾಯಿತೆಂದರೆ ಗುಡಿಯ ಮುಂದಿನ ಬಯಲಿನಲ್ಲಿ ಊರಿಗೆ ಊರೇ ಬೆಳತನಕ ಕುಳಿತು ಕೇಳುವ ಮೇಳ. ತಲೆಮಾರುಗಳಿಂದ ನಡೆದುಬಂದ ಈ ಇರುಳಿನ ಒಡೆತನವು ಈಚಿನ ಹತ್ತು ಹದಿನೈದು ವರುಷಗಳಲ್ಲಿ ಕೈಬದಲಿಸಿದೆ. ಈಗ ಅದು ಡಿಜೆಯದು. ಗಡಿಗೆ ಹತ್ತಿರದ ಹುಕ್ಕೇರಿ, ಸಂಕೇಶ್ವರಗಳ ಕಡೆಗೆ ಅದನ್ನೇ ಡಾಲ್ಬಿ ಎನ್ನುವವರುಂಟು. ಹೆಸರು ಯಾವುದಾದರೇನು? ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಮನೆಯೆತ್ತರ ಪೇರಿಸಿದ ಸ್ಪೀಕರುಗಳು ಓಣಿಯಲ್ಲಿ ಹಾಯುವಾಗ ಕಿಟಕಿಯ ಗಾಜು, ಅಡಿಗೆಮನೆಯ ಪಾತ್ರೆ, ಮುದುಕರ ಎದೆ ಮೂರೂ ಒಂದೇ ತಾಳಕ್ಕೆ ನಡುಗುವುದನ್ನು ಬಲ್ಲವರು ಬಲ್ಲರು.

ಈ ಸಲ ನಮ್ಮೂರ ಜಾತ್ರೆಗೆ ಪಟ್ಟಿ ಎತ್ತಲು ಬಂದ ಹುಡುಗರಲ್ಲಿ ನನ್ನ ವಿದ್ಯಾರ್ಥಿಯೊಬ್ಬನಿದ್ದನು. ಅವನ ಅಜ್ಜ ಒಂದು ಕಾಲಕ್ಕೆ ಪಾರಿಜಾತದ ಮೇಳದಲ್ಲಿ ಪೇಟಿ ಬಾರಿಸಿದವರು. ಹುಡುಗನು ಪಾವತಿ ಪುಸ್ತಕ ತೆರೆದು, “ಡಿಜೆಗೆ ಐದು ನೂರು ಬರಕೊಳ್ಳಲೇನ್ರಿ ಸರ್?” ಎಂದು ಕೇಳಿದನು. “ಪಾರಿಜಾತ ಆಡಸೂದಿಲ್ಲೇನಪಾ?” ಎಂದೆ. ಅವನು ನಗಲಿಲ್ಲ, ಬಹಳ ಗಂಭೀರನಾಗಿಯೇ ಉತ್ತರ ಕೊಟ್ಟನು: “ಹ್ವಾದ ವರ್ಷ ಆಡಿಸಿದ್ವಿರಿ. ಹನ್ನೆರಡರ ಮ್ಯಾಲ ಮೂವತ್ತು ಮಂದಿ ಉಳದಿದ್ರು. ನೀವೂ ಇರಲಿಲ್ಲರಿ.”

ಮಾತು ನಿಜವಾಗಿದ್ದಿತು. ಮರುದಿನ ಕಾಲೇಜಿದೆಯೆಂಬ ನೆವದಿಂದ ನಾನು ಹನ್ನೊಂದಕ್ಕೇ ಎದ್ದು ಮನೆಗೆ ಬಂದಿದ್ದೆನು. ಸುಮ್ಮನೆ ಐದು ನೂರು ರೂಪಾಯಿ ಎಣಿಸಿಕೊಟ್ಟೆ. ಆ ಪಾವತಿಯ ಚೀಟಿ ಇನ್ನೂ ನನ್ನ ಮೇಜಿನ ಮೇಲಿದೆ. ಈ ಲೇಖನಕ್ಕೆ ಅದೇ ಪ್ರೇರಣೆ. ಜಾತ್ರೆಯ ಇರುಳು ಹೇಗೆ ಬದಲಾಯಿತು, ಈ ಬದಲಾವಣೆಯಲ್ಲಿ ನಾವು ನಿಜವಾಗಿ ಕಳೆದುಕೊಂಡುದೇನು ಎಂಬುದನ್ನು ಹಳಹಳಿಕೆಯಿಲ್ಲದೆ ವಿಚಾರಿಸಿ ನೋಡಬೇಕೆಂದು ತೋರಿತು.

ಶ್ರೀಕೃಷ್ಣ ಪಾರಿಜಾತ ಈ ಮಣ್ಣಿನಲ್ಲಿ ಬೆಳೆದ ಆಟ. ಅಪರಾಳ ತಮ್ಮಣ್ಣನ ಕೃತಿಯನ್ನು ರಂಗಕ್ಕೆ ಒಗ್ಗಿಸಿ ಜನಪ್ರಿಯಗೊಳಿಸಿದವನು ಕುಲಗೋಡದ ತಮ್ಮಣ್ಣ. ಆ ಕುಲಗೋಡವು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿಗೆ ಸೇರಿದೆ. ಕೌಜಲಗಿ ನಿಂಗಮ್ಮನವರ ಹೆಸರನ್ನು ಕೇಳದ ಪಾರಿಜಾತಪ್ರಿಯರು ಇರಲಾರರು. ನಾರದನು ತಂದ ಹೂವು ರುಕ್ಮಿಣಿಯ ಮುಡಿಗೇರಿತೆಂದು ಸತ್ಯಭಾಮೆ ಮುನಿಯುವುದು, ಕೃಷ್ಣನು ಕೊರವಂಜಿಯ ವೇಷದಿಂದ ಅವಳ ಮನೆಯ ಬಾಗಿಲಿಗೆ ಬರುವುದು, ಇಷ್ಟೇ ಕಥೆ. ಆದರೆ ಆ ಕಥೆಯ ಸಂದುಗಳಲ್ಲಿ ಭಾಗವತನೂ ದೂತಿಯೂ ನಡೆಸುವ ಮಾತುಕತೆಯಿದೆಯಲ್ಲ, ಅದರೊಳಗೆ ಊರಿನ ಜಗಳ, ಮಳೆ, ದರವಾರಿ, ಮುಂದಿನ ಸಾಲಿನಲ್ಲಿ ತೂಕಡಿಸುವ ಗೌಡರು, ಎಲ್ಲರಿಗೂ ಪ್ರವೇಶವಿತ್ತು. ಒಂದು ಪದ ಮನಸ್ಸಿಗೆ ಬಂದರೆ ಕೇಳುಗನು ಎದ್ದು ಆಯೇರು ಮಾಡುವನು, ಇನ್ನೊಮ್ಮೆ ಹಾಡೆನ್ನುವನು, ಹಾಡುವವನು ರಾಗವನ್ನು ಬೆಳೆಸುವನು. ಹರದೇಶಿ-ನಾಗೇಶಿಯ ಗೀಗೀ ಮೇಳಗಳಲ್ಲಂತೂ ಹಾಡೆಂಬುದೇ ಸವಾಲು-ಜವಾಬು. ಒಬ್ಬರು ಗಂಡು ಹೆಚ್ಚೆಂದು ಹಾಡಿದರೆ ಇನ್ನೊಬ್ಬರು ಹೆಣ್ಣು ಹೆಚ್ಚೆಂದು ಉತ್ತರ ಕೊಡಬೇಕು. ಉತ್ತರ ಸಿಕ್ಕದಿದ್ದರೆ ಊರಿನೆದುರು ಸೋಲು.

ಹಳೆಯ ಜಾತ್ರೆ ಮೌನದ ಆಶ್ರಮವಾಗಿತ್ತೆಂದು ಯಾರೂ ಭಾವಿಸಬಾರದು. ಕರಡಿಮಜಲು, ಸಂಬಾಳ, ಡೊಳ್ಳು, ಹಲಗೆ ಇವುಗಳ ನಡುವೆ ನಿಂತವನಿಗೆ ಎದೆ ನಡುಗುವುದೇನೆಂದು ಗೊತ್ತು. ಹತ್ತು ಡೊಳ್ಳುಗಳು ಒಮ್ಮೆಗೇ ಎದ್ದರೆ ಪಕ್ಕದವನ ಮಾತು ಕೇಳಿಸದು. ಆದುದರಿಂದ ಸದ್ದು ಹೊಸದೆಂಬ ಆಕ್ಷೇಪಕ್ಕೆ ಹುರುಳಿಲ್ಲ. ಡೊಳ್ಳು ಬಡಿಯುವವನ ತೋಳು ಸೋಲುತ್ತಿತ್ತು. ಸೋತಾಗ ಸದ್ದು ತಾನಾಗಿ ಇಳಿಯುತ್ತಿತ್ತು. ಜನರೇಟರಿಗೆ ಸೋಲುವ ತೋಳಿಲ್ಲ. ವ್ಯತ್ಯಾಸ ಮೊದಲು ತೋರುವುದು ಇಲ್ಲಿ.

ಬದಲಾವಣೆಯು ಒಂದೇ ದಿನ ಬಂದುದೂ ಅಲ್ಲ. ಮೊದಲು ಕಂಪನಿ ನಾಟಕಗಳು ಬಂದವು. ಡೇರೆಯೊಳಗೆ ಟಿಕೆಟ್ಟು ಕೊಂಡು ಕೂಡ್ರುವ ಅಭ್ಯಾಸ ಬಂದಿತು. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಯಿತು. ಹೆಸರಿನಲ್ಲಿ ಹುಕ್ಕೇರಿಯನ್ನು ಹೊತ್ತು ಸವದತ್ತಿ ತಾಲೂಕಿನ ಮುರಗೋಡದಲ್ಲಿ ಹುಟ್ಟಿದ ಬಾಳಪ್ಪ ಹುಕ್ಕೇರಿಯವರ ಕಂಠವನ್ನು ಅವರ ಮುಖ ಕಾಣದವರೂ ರೇಡಿಯೋದಲ್ಲಿ ಕೇಳುವಂತಾಯಿತು. ನಾನು ಹುಡುಗನಾಗಿದ್ದ ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂದು, ಸಣ್ಣಾಟದ ಪದಗಳನ್ನು ಚಹದಂಗಡಿಗೆ ತಂದಿತು. ತೊಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾ ಎಂಬ ರಸಮಂಜರಿ. ಬಣ್ಣದ ದೀಪದಡಿಯಲ್ಲಿ ಸಿನಿಮಾ ಹಾಡು. ಅಲ್ಲಿಯ ವರೆಗೂ ಹಾಡುವವರೊಬ್ಬರು ಎದುರಿಗೆ ನಿಂತಿದ್ದರೆಂಬುದನ್ನು ಗಮನಿಸಬೇಕು. ಶ್ರುತಿ ತಪ್ಪಿದರೆ ಜನ ಸಿಳ್ಳು ಹಾಕುತ್ತಿದ್ದರು. ಡಿಜೆಯೊಡನೆ ಆ ಕೊನೆಯ ಮನುಷ್ಯನೂ ವೇದಿಕೆಯಿಂದ ಇಳಿದನು.

ಇದಕ್ಕೆ ಆರ್ಥಿಕ ಕಾರಣಗಳೂ ಇವೆ. ಒಂದು ಮೇಳವೆಂದರೆ ಹತ್ತು ಹದಿನೈದು ಜನರ ಊಟ, ವಸತಿ, ಸಂಭಾವನೆ, ಪ್ರಯಾಣ. ಡಿಜೆಗೆ ಬೇಕಾದುದು ಒಂದು ಟ್ರ್ಯಾಕ್ಟರು, ಇಬ್ಬರು ಹುಡುಗರು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಘಟಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ಈ ಸೀಮೆ ಕಬ್ಬಿನ ಸೀಮೆಯಾಯಿತು. ಕಬ್ಬು ಸಾಗಿಸುವ ಟ್ರೇಲರುಗಳು ಊರೂರಲ್ಲಿ ತುಂಬಿದವು. ಹಂಗಾಮಿನಲ್ಲಿ ಕಬ್ಬು ಹೊತ್ತ ಬಂಡಿಯೇ ಜಾತ್ರೆಯಲ್ಲಿ ಸ್ಪೀಕರು ಹೊರುತ್ತದೆ. ಹೀಗಿರಲು ಹುಡುಗರ ಅಭಿರುಚಿಯೊಂದನ್ನೇ ದೂರುವುದು ಅಧ್ಯಾಪಕರಾದ ನಮಗೆ ಸುಲಭವೇ ಹೊರತು ನ್ಯಾಯವಲ್ಲ.

ಇಂಥ ಸ್ಥಿತ್ಯಂತರವು ನಮ್ಮಲ್ಲಿ ಮಾತ್ರ ಆಗಿದೆಯೆಂದು ತಿಳಿಯಬೇಕಾಗಿಲ್ಲ. ಪಶ್ಚಿಮದ ರಾಕ್ ಸಂಗೀತದ ಜಾತ್ರೆಗಳನ್ನೇ ನೋಡಬಹುದು. 1969ರ ಆಗಸ್ಟಿನಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಬ್ಬ ಹೈನುಗಾರನ ಹೊಲದಲ್ಲಿ ನಡೆದ ವುಡ್‌ಸ್ಟಾಕ್ ಉತ್ಸವಕ್ಕೆ ನಾಲ್ಕು ಲಕ್ಷಕ್ಕೂ ಮಿಕ್ಕ ಜನ ಕೂಡಿದರು. ನೆರೆದ ಜನಸಾಗರದೆದುರು ಟಿಕೆಟ್ಟಿನ ಏರ್ಪಾಡು ಮುರಿದುಬಿದ್ದು ಉತ್ಸವವು ಬಿಟ್ಟಿಯಾಯಿತು. ಮೂವತ್ತು ವರುಷಗಳ ನಂತರ, 1999ರಲ್ಲಿ, ಅದೇ ಹೆಸರಿನ ಉತ್ಸವ ಮುಚ್ಚಿದ್ದೊಂದು ವಾಯುನೆಲೆಯಲ್ಲಿ ನಡೆಯಿತು. ಸುಡುಬಿಸಿಲಿನಲ್ಲಿ ನೀರಿನ ಬಾಟಲಿಗೆ ನಾಲ್ಕು ಡಾಲರು. ಕೊನೆಯ ದಿನ ಬೆಂಕಿ, ಲೂಟಿ. ಸಂಗೀತದ ಹಬ್ಬವೊಂದು ಸಂತೆಯಾದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ.

ಆದರೆ ಇನ್ನೊಂದು ಸಾಕ್ಷಿಯೂ ಇದೆ. ಜರ್ಮನಿಯ ಉತ್ತರಭಾಗದ ವಾಕನ್ ಎರಡು ಸಾವಿರ ಜನವಸತಿಯೂ ಇಲ್ಲದ ಹಳ್ಳಿ. ನಮ್ಮ ಒಂದು ಸಣ್ಣ ಊರಿನಷ್ಟು. 1990ರಲ್ಲಿ ಅಲ್ಲಿ ಆರು ಮೇಳಗಳು ಸುಮಾರು ಎಂಟು ನೂರು ಜನರೆದುರು ಹಾಡಿದವು. ಈಗ ಅಲ್ಲಿಗೆ ಎಂಬತ್ತು ಸಾವಿರದಷ್ಟು ಜನ ಮೆಟಲ್ ಸಂಗೀತವನ್ನು ಕೇಳಲು ಹೋಗುತ್ತಾರೆ. ಆ ಸಂಗೀತದ ಅಬ್ಬರದ ಮುಂದೆ ನಮ್ಮ ಡಾಲ್ಬಿ ನಾಚಬೇಕು. ಆದರೂ ಆ ಉತ್ಸವದಲ್ಲಿ ಹಳ್ಳಿಯ ಅಗ್ನಿಶಾಮಕ ದಳದವರ ತುತ್ತೂರಿಮೇಳವು ಬಾರಿಸುವ ಸಂಪ್ರದಾಯ ಉಳಿದುಬಂದಿದೆ; ಪರದೇಶದಿಂದ ಬಂದ ಕಪ್ಪು ಅಂಗಿಯ ತರುಣರು ಆ ಹಳ್ಳಿಗರ ಮುಂದೆ ನಿಂತು ಕುಣಿಯುತ್ತಾರೆ. ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ಮೇಳಗಳು ಹಾಡಿದವು. 2012ರಲ್ಲಿ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವವೇ ಆರಂಭವಾಯಿತು. ನನ್ನ ತರಗತಿಯಲ್ಲಿ ಅಂಥ ಹಾಡು ಕೇಳುವ ಇಬ್ಬರು ಮೂವರಿದ್ದಾರೆ. ಅವರಿಗೆ ಪ್ರತಿಯೊಂದು ಹಾಡಿನ ನುಡಿ ಬಾಯಿಪಾಠ; ಹಾಡುವವನು ನಿಲ್ಲಿಸಿದರೆ ತಾವು ಮುಂದುವರಿಸಬಲ್ಲರು. ಅದನ್ನು ಕೇಳಿದಾಗ ನನಗೆ ನೆನಪಾದುದು ಪಾರಿಜಾತದ ಮುಂದಿನ ಸಾಲು. ಅಲ್ಲಿಯೂ ಮುದುಕರು ಭಾಮೆಯ ಪದವನ್ನು ಅವಳಿಗಿಂತ ಮುಂಚೆ ಗುಣುಗುತ್ತಿದ್ದರು.

ಈ ಹೋಲಿಕೆಯಿಂದ ನನಗೆ ತಿಳಿದುದಿಷ್ಟು. ಅಬ್ಬರವೂ ಕೇಳುಗಬಳಗವೂ ಒಂದಕ್ಕೊಂದು ವೈರಿಗಳಲ್ಲ. ವಾಕನ್ನಿನಲ್ಲಿ ಸಂಗೀತ ಹೊರಗಿನಿಂದ ಬಂದಿತು, ಊರು ತನ್ನ ಮೇಳವನ್ನು ಉಳಿಸಿಕೊಂಡು ಅದರೊಡನೆ ನಿಂತಿತು. ನಮ್ಮಲ್ಲಿ ಜಾತ್ರೆ ನಮ್ಮದಾಗಿಯೇ ಉಳಿಯಿತು, ಮೇಳವು ಊರು ಬಿಟ್ಟಿತು.

ಸರಕಾರವು ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ನಿಯಮ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಸದ್ದು ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮೀರಕೂಡದು. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬ-ಉತ್ಸವಗಳಿಗಾಗಿ ವರುಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯ ವರೆಗೆ ರಾಜ್ಯ ಸರಕಾರವು ಸಡಿಲಿಕೆ ಕೊಡಬಹುದು. ರೋಗಿಗಳು, ಹಸುಗೂಸುಗಳು, ಪರೀಕ್ಷೆಗೆ ಓದುವ ಮಕ್ಕಳು ಇರುವ ಊರಿನಲ್ಲಿ ಇಂಥ ನಿಯಮ ಅತ್ಯವಶ್ಯ. ಅದನ್ನು ಪಾಲಿಸದಿರುವುದು ಅಪರಾಧ. ಆದರೆ 2010ರ ತಿದ್ದುಪಡಿಯು ಧ್ವನಿವರ್ಧಕದ ಸಾಲಿಗೆ ವಾದ್ಯಗಳನ್ನೂ ಸೇರಿಸಿದುದರಿಂದ ಒಂದು ವಿಪರ್ಯಾಸವುಂಟಾಗಿದೆ. ನಿಯಮದ ಅಕ್ಷರವನ್ನೇ ಹಿಡಿದರೆ ಹತ್ತು ಗಂಟೆಯ ಅನಂತರ ಬಯಲಿನಲ್ಲಿ ಒಂದು ಪೇಟಿ, ಒಂದು ತಬಲಾ ಕೂಡ ನುಡಿಯುವಂತಿಲ್ಲ. ಡಿಜೆಯು ಸಂಜೆಯ ಮೆರವಣಿಗೆಯಲ್ಲಿ ತನ್ನ ಕೆಲಸ ಮುಗಿಸಿಕೊಂಡು ಹತ್ತಕ್ಕೆ ವಿಧೇಯತೆಯಿಂದ ಹೊರಟುಹೋಗುತ್ತದೆ. ಹತ್ತಕ್ಕೆ ಆರಂಭವಾಗಿ ಬೆಳ್ಳಿ ಮೂಡುವವರೆಗೆ ನಡೆಯಬೇಕಾದ ಪಾರಿಜಾತವು ನಿಯಮದ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಯಾವುದನ್ನು ತಡೆಯಲೆಂದು ಬೇಲಿ ಹಾಕಿದರೋ ಅದು ಹಾರಿಹೋಯಿತು, ಬೇಲಿಯೊಳಗೆ ಸಿಕ್ಕಿದ್ದು ಆಕಳು. ಮೈಕಿಲ್ಲದ ಬಯಲಾಟಗಳಿಗೆ, ಊರಿನವರ ಒಪ್ಪಿಗೆಯ ಮೇಲೆ, ಪ್ರತ್ಯೇಕ ವಿನಾಯಿತಿ ಕೊಡುವ ವಿಚಾರವನ್ನು ಸಂಸ್ಕೃತಿಯ ಹೊಣೆ ಹೊತ್ತವರು ಏಕೆ ಮಾಡಬಾರದು?

ನಿಯಮದ ಮಾತನ್ನು ನಾನು ಆ ವಿದ್ಯಾರ್ಥಿಯೊಡನೆ ಆಡಿದೆನು. ಅವನು ಕೇಳಿಕೊಂಡು, ಒಂದು ಮಾತು ಹೇಳಿದನು: “ಸರ್, ನಾವು ಹಚ್ಚೂ ಹಾಡು ನಮ್ಮ ಮಂದೀವರಿ. ನಮ್ಮ ಕಡೀ ಹುಡುಗೂರ ಕಟ್ಯಾರ, ನಮ್ಮ ಮಾತಿನಾಗ ಹಾಡ್ಯಾರ. ನೀವ ಪಾಠದಾಗ ಹೇಳ್ತೀರಲ್ಲ, ಜನಪದ ಅಂದ್ರ ಜನಾ ಕಟ್ಟಿದ್ದು ಅಂತ?”

ನಾನು ಕ್ಷಣಕಾಲ ನಿರುತ್ತರನಾದೆ. ಅವನ ಮಾತಿನಲ್ಲಿ ಸತ್ಯವಿದೆ. ಯೂಟ್ಯೂಬಿನಲ್ಲಿ ‘ಜನಪದ’ ಎಂಬ ಹೆಸರಿನಿಂದ ಹರಿದಾಡುವ ಈ ಹಾಡುಗಳಲ್ಲಿ ಟ್ರ್ಯಾಕ್ಟರಿನ ಚಾಲಕನಿದ್ದಾನೆ, ಕಬ್ಬಿನ ಹೊಲವಿದೆ, ಕೈಕೊಟ್ಟ ಪ್ರೇಯಸಿಯಿದ್ದಾಳೆ; ಅಚ್ಚ ಬೆಳಗಾವಿ ಸೀಮೆಯ ನುಡಿಗಟ್ಟಿದೆ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು ಜನಪದದ ಧಾಟಿಗೆ ಕಾವ್ಯದ ಮನ್ನಣೆ ತಂದುಕೊಟ್ಟಾಗಲೂ, ಹಳ್ಳಿಗರ ಹಾಡಿನಲ್ಲೇನಿದೆಯೆಂದು ಮೂಗು ಮುರಿದ ಪಂಡಿತರು ಇದ್ದಿರಬಹುದು. ಆ ಪಂಡಿತರ ಸಾಲಿನಲ್ಲಿ ಕೂಡ್ರುವ ಇಚ್ಛೆ ನನಗಿಲ್ಲ. ಇವುಗಳಲ್ಲಿ ಕೆಲವು ಕಾಲದ ಜರಡಿಯಲ್ಲಿ ಉಳಿದಾವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಾಡು ನಮ್ಮದಾಯಿತು, ಹಾಡಿದವನು ಎಲ್ಲಿ? ಅವನು ಎಲ್ಲೋ ಒಂದು ಕೋಣೆಯಲ್ಲಿ ಒಮ್ಮೆ ಹಾಡಿ ಮುಗಿಸಿದ್ದಾನೆ. ಅವನನ್ನು ‘ಇನ್ನೊಮ್ಮೆ’ ಎಂದು ಕೇಳುವಂತಿಲ್ಲ, ಕೆಣಕುವಂತಿಲ್ಲ, ತಪ್ಪಿದರೆ ತಿದ್ದುವಂತಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕುಣಿಯುತ್ತಾರೆ. ಆ ದಿಕ್ಕಿನಲ್ಲಿ ಮನುಷ್ಯನಿಲ್ಲ. ಹುಡುಗಿಯರೂ ಮುದುಕರೂ ಮಕ್ಕಳೂ ಅಂಚಿಗೆ ಸರಿದು ನಿಲ್ಲುತ್ತಾರೆ. ಮೇಳದ ಇರುಳಿನಲ್ಲಿ ಅಜ್ಜಿಯ ಮಡಿಲಲ್ಲಿ ಮೊಮ್ಮಗು ನಿದ್ದೆಹೋಗಿ, ಕೊರವಂಜಿ ಬಂದಾಗ ಎಚ್ಚರಗೊಂಡು, ಮತ್ತೆ ನಿದ್ದೆಹೋಗುತ್ತಿದ್ದಿತು. ನಾನು ಪಾರಿಜಾತವನ್ನು ಕಲಿತುದು ಹಾಗೆ, ಅರೆನಿದ್ದೆಯಲ್ಲಿ. ಕಳೆದುಹೋದುದು ಮುಖ್ಯವಾಗಿ ಈ ಒಡನಾಟ.

ಆದುದರಿಂದ ನನ್ನ ಸಲಹೆ ದೊಡ್ಡದಲ್ಲ. ಡಿಜೆಯನ್ನು ಬೈದರೆ ಮೇಳ ಬಾರದು. ಜಾತ್ರೆಯ ಪಟ್ಟಿಯಲ್ಲಿ ನಾಲ್ಕನೆಯ ಒಂದು ಪಾಲನ್ನು ಊರಿನ, ನೆರೆಯೂರಿನ ಹಾಡುಗಾರರಿಗೆಂದು ತೆಗೆದಿಡಬೇಕು. ಮೇಳವು ಸಂಜೆ ಆರಕ್ಕೆ ಆರಂಭವಾಗಿ ಹತ್ತಕ್ಕೆ ಮುಗಿಯುವಂತೆ ಮೊಟಕುಗೊಂಡರೂ ಚಿಂತೆಯಿಲ್ಲ. ಹೊಸ ಹಾಡು ಕಟ್ಟಿದ ಹುಡುಗನೂ ಅದೇ ಕಟ್ಟೆಯನ್ನೇರಿ, ಪೇಟಿಯ ಸಂಗಡ, ಜನರ ಎದುರು ಹಾಡಲಿ. ನಾವು ಅಧ್ಯಾಪಕರು ಪಾರಿಜಾತದ ಮೇಲೆ ಭಾಷಣ ಮಾಡುವುದರ ಬದಲು ಹನ್ನೊಂದಕ್ಕೆ ಎದ್ದುಬಾರದೆ ಕೊನೆಯವರೆಗೆ ಕೂಡ್ರಬೇಕು. ಈ ಕೊನೆಯ ಸಲಹೆಯನ್ನು ಮೊದಲು ನನಗೆ ನಾನೇ ಹೇಳಿಕೊಂಡಿದ್ದೇನೆ.

ಜಾತ್ರೆ ಮುಗಿದ ವಾರ ಆ ಹುಡುಗನ ಮನೆಗೆ ಹೋಗಿದ್ದೆನು. ಪೇಟಿ ಅಟ್ಟದ ಮೇಲಿತ್ತು. ಅಜ್ಜನಿಗೆ ಎಂಬತ್ತು ದಾಟಿದೆ; ಪದಗಳೆಲ್ಲ ನೆನಪಿವೆಯೆಂದು ಮೊಮ್ಮಗ ಹೇಳಿದನು. “ಒಂದ್ ಪದ ಹಾಡ್ರಿ ಅಜ್ಜಾರ” ಎಂದೆ. ಅವರು ನನ್ನ ಮುಖವನ್ನೇ ನೋಡಿ, “ಕೂಡ್ತೀರೇನ್ರಿ ಮಾಸ್ತರ, ಮುಗಿಯೂತನಕಾ?” ಎಂದು ಕೇಳಿದರು.

ಕೂಡ್ರುತ್ತೇನೆಂದೆ. ಮೊಮ್ಮಗನು ಎದ್ದು ಅಟ್ಟಕ್ಕೆ ಏಣಿ ಹಚ್ಚಿದನು.